ಕಾಣದ ಜೀವಿಗಳು: ಮಿತ್ರರೋ, ಶತ್ರುಗಳೋ?



ರಾತ್ರಿ ಮಲಗುವ ಮುನ್ನ ಉಗುರು ಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ ಮುಚ್ಚಿಡುವುದು ನಮ್ಮ ಮನೆಗಳಲ್ಲಿ ದಿನನಿತ್ಯದ ಕೆಲಸ. ಬೆಳಗ್ಗೆ ಮುಚ್ಚಳ ತೆಗೆದರೆ ಗಟ್ಟಿ ಮೊಸರು ಸಿದ್ಧವಾಗಿರುತ್ತದೆ. ಕೆಲವೊಮ್ಮೆ ಮಾತ್ರ ಹಾಲು ಹಾಲಾಗಿಯೇ ಉಳಿದುಬಿಡುತ್ತದೆ. ಮಾಗಿಯ ಚಳಿಯಲ್ಲಿ ಹೀಗಾದರೆ ಆಶ್ಚರ್ಯವಿಲ್ಲ. ಆದರೆ ಬೇಸಿಗೆಯಲ್ಲಿ, ಒಳ್ಳೆಯ ಹೆಪ್ಪು ಹಾಕಿದ್ದರೂ ಹಾಲು ಹೆಪ್ಪುಗಟ್ಟದಿದ್ದರೆ ಏನು ಕಾರಣ? ಎರಡು ದಿನಗಳ ಹಿಂದೆ ಅದೇ ಹಸುವಿನ ಕೆಚ್ಚಲು ಬಾವಿಗೆ ಚುಚ್ಚುಮದ್ದು ಕೊಡಿಸಿದ್ದೆವೇ ಎಂಬುದನ್ನು ಆಗ ನೆನಪು ಮಾಡಿಕೊಳ್ಳಬೇಕು. ಹಸುವಿನ ಮದ್ದಿಗೂ ನಮ್ಮ ಮೊಸರಿಗೂ ಏನು ನಂಟು? ಇದಕ್ಕೆ ಉತ್ತರ ತಿಳಿಯಬೇಕಾದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಪರಿಚಯ ನಮಗಿರಬೇಕು. ಈ ಉತ್ತರ ಬರಿಯ ಮೊಸರಿನ ವಿಷಯವಾಗಿರದೆ ನಮ್ಮ ಮಕ್ಕಳ ಪ್ರಾಣದ ವಿಷಯವೂ ಆಗಿದೆ ಎಂಬುದನ್ನು ಈ ಪಾಠದ ಕೊನೆಯಲ್ಲಿ ನೋಡೋಣ.

ಸೂಕ್ಷ್ಮಜೀವಿಗಳು ಎಂದರೇನು?

ಬರಿಗಣ್ಣಿಗೆ ಕಾಣದೆ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಜೀವಿಗಳೇ ಸೂಕ್ಷ್ಮಜೀವಿಗಳು. ಇವುಗಳಲ್ಲಿ ಮುಖ್ಯವಾದವು ನಾಲ್ಕು ಬಗೆ. ಮೊದಲನೆಯದು ಬ್ಯಾಕ್ಟೀರಿಯಾ, ಮೊಸರು ಮಾಡುವವು, ಕ್ಷಯ ತರುವವು ಎರಡೂ ಇದೇ ಗುಂಪಿನವು. ಎರಡನೆಯದು ಶಿಲೀಂಧ್ರ; ಹಳಸಿದ ರೊಟ್ಟಿಯ ಮೇಲಿನ ಬೂಷ್ಟು, ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಈ ಜಾತಿಗೆ ಸೇರಿವೆ. ಮೂರನೆಯದು ಮಲೇರಿಯಾ, ಆಮಶಂಕೆ ತರುವಂಥ ಏಕಕೋಶ ಜೀವಿಗಳು. ನಾಲ್ಕನೆಯದು ವೈರಸ್. ಇದು ಎಲ್ಲಕ್ಕಿಂತ ಚಿಕ್ಕದು. ಬೇರೊಂದು ಜೀವಕೋಶದ ಒಳಗೆ ಹೊಕ್ಕಲ್ಲದೆ ಬೆಳೆಯಲಾರದು.

ಇವುಗಳ ಶಕ್ತಿಯಿರುವುದು ಸಂಖ್ಯೆಯಲ್ಲಿ. ಅನುಕೂಲ ಒದಗಿದರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತವೆ. ಈ ಲೆಕ್ಕದಲ್ಲಿ ರಾತ್ರಿ ಹತ್ತು ಗಂಟೆಗೆ ಇದ್ದ ಒಂದೇ ಒಂದು ಜೀವಿ ಬೆಳಗ್ಗೆ ಆರು ಗಂಟೆಗೆ ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಮಿಕ್ಕಿರುತ್ತದೆ. ಸಂಜೆ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಉಕ್ಕಿ ಬರುವುದೂ, ಸಂಜೆ ಸಣ್ಣಗೆ ಭೇದಿ ಶುರುವಾದ ಕೂಸು ಬೆಳಗಾಗುವಷ್ಟರಲ್ಲಿ ಸೋತು ಮಲಗುವುದೂ ಇದೇ ಕಾರಣದಿಂದ.

ನಮ್ಮ ದೇಹದಲ್ಲೇ ಇವು ಎಷ್ಟಿವೆ ಗೊತ್ತೆ? 2016ರಲ್ಲಿ ವಿಜ್ಞಾನಿಗಳು ಮಾಡಿದ ಅಂದಾಜಿನಂತೆ ಒಬ್ಬ ವಯಸ್ಕನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಎಲ್ಲವನ್ನೂ ಒಟ್ಟುಗೂಡಿಸಿ ತೂಗಿದರೂ ಸುಮಾರು 200 ಗ್ರಾಂ ಮಾತ್ರ. ಇವುಗಳಲ್ಲಿ ಹೆಚ್ಚಿನವು ಇರುವುದು ದೊಡ್ಡ ಕರುಳಿನಲ್ಲಿ. ಅವು ನಾವು ಅರಗಿಸಲಾರದ ನಾರನ್ನು ಒಡೆಯುತ್ತವೆ, ಕೆಲವು ವಿಟಮಿನ್‌ಗಳನ್ನು ತಯಾರಿಸುತ್ತವೆ, ಕೆಟ್ಟ ರೋಗಾಣುಗಳಿಗೆ ಜಾಗ ಸಿಗದಂತೆ ತಡೆಯುತ್ತವೆ.

ರೇಷ್ಮೆ ಹುಳು ಕಲಿಸಿದ ಪಾಠ

ರೋಗಕ್ಕೆ ಸೂಕ್ಷ್ಮಜೀವಿಗಳೇ ಕಾರಣ ಎಂಬ ಅರಿವು ಲೋಕಕ್ಕೆ ಬಂದದ್ದರಲ್ಲಿ ನಮ್ಮ ಹೊಸೂರು, ಬೇರಿಕೆ ಕಡೆಯವರಿಗೆ ಚಿರಪರಿಚಿತವಾದ ರೇಷ್ಮೆ ಹುಳುವಿನ ಪಾಲೂ ಇದೆ.

ಸುಮಾರು 1850ರ ವೇಳೆಗೆ ಫ್ರಾನ್ಸ್ ದೇಶದ ರೇಷ್ಮೆ ಬೆಳೆಗಾರರಿಗೆ ದೊಡ್ಡ ವಿಪತ್ತು ಬಂದೊದಗಿತು. ಹುಳುಗಳ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು ಏಳುತ್ತಿದ್ದವು; ಹುಳುಗಳು ಗೂಡು ಕಟ್ಟದೆ ಸಾಯುತ್ತಿದ್ದವು. ನಾವು ಗಂಟುರೋಗ ಎಂದು ಕರೆಯುವ ಪೆಬ್ರಿನ್ ರೋಗವೇ ಅದು. 1853ರಲ್ಲಿ ಎರಡು ಕೋಟಿ ಅರವತ್ತು ಲಕ್ಷ ಕಿಲೋ ಇದ್ದ ಅಲ್ಲಿನ ಗೂಡಿನ ಉತ್ಪತ್ತಿ 1865ರಲ್ಲಿ ನಲವತ್ತು ಲಕ್ಷ ಕಿಲೋಗೆ ಇಳಿಯಿತು.

ಆಗ ಸರ್ಕಾರವು ಲೂಯಿ ಪಾಶ್ಚರ್ ಎಂಬ ರಸಾಯನ ವಿಜ್ಞಾನಿಯನ್ನು ಆಲೆಸ್ ಎಂಬ ಊರಿಗೆ ಕಳುಹಿಸಿತು. ಅಲ್ಲಿಯವರೆಗೆ ಅವರು ರೇಷ್ಮೆ ಹುಳುವನ್ನು ಕೈಯಿಂದ ಮುಟ್ಟಿದವರಲ್ಲ. ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಏನೋ ಇದೆಯಲ್ಲ ಎಂದು ಬೆರಗಾಗಿ ಕೇಳಿದರಂತೆ! ಆದರೂ 1865ರಿಂದ ಐದು ವರ್ಷ ಅವರು ಆ ಕೆಲಸವನ್ನು ಬಿಡಲಿಲ್ಲ. ಆ ವರ್ಷಗಳಲ್ಲಿ ಅವರ ಇಬ್ಬರು ಹೆಣ್ಣುಮಕ್ಕಳು ತೀರಿಕೊಂಡರು. ಅವರಲ್ಲಿ ಹನ್ನೆರಡು ವರ್ಷದ ಮಗಳನ್ನು ಕೊಂದದ್ದು ವಿಷಮಶೀತ ಜ್ವರ, ಅಂದರೆ ಟೈಫಾಯಿಡ್. ಅದಕ್ಕೂ ಮುಂಚೆ 1859ರಲ್ಲಿ ಹಿರಿಯ ಮಗಳನ್ನೂ ಅದೇ ಜ್ವರ ಕೊಂಡೊಯ್ದಿತ್ತು. 1868ರಲ್ಲಿ ಪಾಶ್ಚರ್ ಅವರಿಗೇ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು.

ಅವರು ಕಂಡುಹಿಡಿದ ಉಪಾಯ ಬಹಳ ಸರಳವಾದದ್ದು. ಪ್ರತಿಯೊಂದು ತಾಯಿ ಚಿಟ್ಟೆಯನ್ನೂ ಬೇರೆ ಬೇರೆಯಾಗಿಟ್ಟು ಮೊಟ್ಟೆ ಇಡಿಸಬೇಕು. ಮೊಟ್ಟೆ ಇಟ್ಟ ಚಿಟ್ಟೆಯನ್ನು ನೀರಿನಲ್ಲಿ ಅರೆದು ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹೊಳೆಯುವ ಮೊಟ್ಟೆಯಾಕಾರದ ಕಣಗಳು ಕಂಡರೆ ಆ ಚಿಟ್ಟೆಯ ಮೊಟ್ಟೆಗಳನ್ನೆಲ್ಲ ಸುಟ್ಟುಬಿಡಬೇಕು. ಕಾಣದಿದ್ದರೆ ಮಾತ್ರ ಸಾಕಣೆಗೆ ಕೊಡಬೇಕು. ಇಂದಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಇದೇ ಪರೀಕ್ಷೆ. ನಾವು ತರುವ 'ರೋಗರಹಿತ ಮೊಟ್ಟೆ' ಎಂಬ ಹೆಸರಿನ ಹಿಂದೆ ಈ ಕಥೆ ಅಡಗಿದೆ.

ಹುಳುವಿನ ಮನೆಯಲ್ಲಿ ಕಲಿತ ಪಾಠವನ್ನು ಪಾಶ್ಚರ್ ಮುಂದೆ ಕೊಟ್ಟಿಗೆಗೂ ಮನುಷ್ಯರಿಗೂ ಕೊಂಡೊಯ್ದರು. 1881ರಲ್ಲಿ ನೆರಡಿ ರೋಗಕ್ಕೆ, ಅಂದರೆ ಆಂಥ್ರಾಕ್ಸ್‌ಗೆ, ಲಸಿಕೆಯನ್ನು ಎಲ್ಲರ ಎದುರಿಗೆ ಕುರಿಗಳ ಮೇಲೆ ಪರೀಕ್ಷಿಸಿ ತೋರಿಸಿದರು. 1885ರ ಜುಲೈ 6ರಂದು ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಹುಡುಗನಿಗೆ ಮೊದಲ ಲಸಿಕೆ ಹಾಕಿಸಿದರು, ಹುಡುಗ ಬದುಕಿದ. ಅವರ ಹೆಸರಿನ ಸಂಸ್ಥೆ ನಮ್ಮ ತಮಿಳುನಾಡಿನ ಕೂನೂರಿನಲ್ಲಿ 1907ರಲ್ಲಿ ಆರಂಭವಾಯಿತು. ದನಕರುಗಳಿಗೆ ಲಸಿಕೆ ತಯಾರಿಸುವ ರಾಣಿಪೇಟೆಯ ಸಂಸ್ಥೆ 1932ರಿಂದ ಇದೆ.

ಒಂದೇ ಜೀವಿ, ಎರಡು ಮುಖ

ಹಾಗಾದರೆ ಸೂಕ್ಷ್ಮಜೀವಿಗಳು ಶತ್ರುಗಳೇ? ಒಂದು ಉದಾಹರಣೆ ನೋಡೋಣ. 1901ರಲ್ಲಿ ಜಪಾನಿನಲ್ಲಿ ಇಷಿವಾಟ ಎಂಬ ವಿಜ್ಞಾನಿ, ಸತ್ತ ರೇಷ್ಮೆ ಹುಳುಗಳಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಕಂಡರು. ಹತ್ತು ವರ್ಷಗಳ ನಂತರ ಜರ್ಮನಿಯಲ್ಲಿ ಬರ್ಲಿನರ್ ಎಂಬವರು ಹಿಟ್ಟಿನ ಪತಂಗದ ಮರಿಹುಳುವಿನಲ್ಲಿ ಅದೇ ಜಾತಿಯ ಜೀವಿಯನ್ನು ಗುರುತಿಸಿ, ಥುರಿಂಜಿಯಾ ಪ್ರಾಂತದ ಹೆಸರನ್ನೇ ಅದಕ್ಕಿಟ್ಟರು. ಅದೇ ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಚಿಕ್ಕದಾಗಿ ಬಿ.ಟಿ. ಇದು ಮರಿಹುಳುವಿನ ಹೊಟ್ಟೆ ಸೇರಿದಾಗ ಇದರ ವಿಷ ಅದರ ಕರುಳನ್ನು ಒಡೆಯುತ್ತದೆ. ಇದನ್ನೇ ಕಾರ್ಖಾನೆಗಳಲ್ಲಿ ಬೆಳೆಸಿ ಪುಡಿ ಅಥವಾ ದ್ರವದ ರೂಪದಲ್ಲಿ ಮಾರುತ್ತಾರೆ. ಕೋಸಿನ ಎಲೆಯನ್ನು ತೂತು ಮಾಡುವ ವಜ್ರಬೆನ್ನಿನ ಪತಂಗದ ಮರಿಹುಳುವಿಗೆ ಇದು ಒಳ್ಳೆಯ ಮದ್ದು.

ಆದರೆ ಪಕ್ಕದ ಹೊಲದಲ್ಲಿ ಹಿಪ್ಪುನೇರಳೆ ಇದ್ದರೆ? ಕೋಸಿಗೆ ಹೊಡೆದ ಬಿ.ಟಿ. ಗಾಳಿಯಲ್ಲಿ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕುಳಿತು, ಆ ಸೊಪ್ಪು ತಟ್ಟೆಗೆ ಬಂದರೆ ರೇಷ್ಮೆ ಹುಳುಗಳೂ ಸಾಯುತ್ತವೆ. ಕೋಸಿನವನಿಗೆ ಮಿತ್ರನಾದದ್ದು ರೇಷ್ಮೆಯವನಿಗೆ ಶತ್ರುವಾಯಿತು. ಕೋಸೂ ರೇಷ್ಮೆಯೂ ಅಕ್ಕಪಕ್ಕದಲ್ಲೇ ಬೆಳೆಯುವ ನಮ್ಮ ಊರುಗಳಲ್ಲಿ ಇದನ್ನು ನೆರೆಹೊರೆಯವರು ಮಾತನಾಡಿಕೊಂಡೇ ಬಳಸಬೇಕು.

ಸೆಗಣಿಯೂ ಹಾಗೆಯೇ. ತಿಪ್ಪೆಯಲ್ಲಿ ಕೊಳೆತು ಗೊಬ್ಬರವಾದರೆ ಅದು ಹೊಲಕ್ಕೆ ಜೀವ. ಅದೇ ಸೆಗಣಿಯಲ್ಲಿ, ಮಣ್ಣಿನಲ್ಲಿ ಧನುರ್ವಾಯುವಿನ ಬೀಜಾಣುಗಳೂ ಇರುತ್ತವೆ. ಹಿಂದೆ ಹೆರಿಗೆಯಾದ ಕೂಸಿನ ಹೊಕ್ಕುಳಿಗೆ ಸೆಗಣಿ ಅಥವಾ ಬೂದಿ ಹಚ್ಚುವ ರೂಢಿಯಿಂದ ಎಷ್ಟೋ ಎಳೆಯ ಜೀವಗಳು ಹೋದವು. ಗರ್ಭಿಣಿಯರಿಗೆ ಚುಚ್ಚುಮದ್ದು ಮತ್ತು ಶುಚಿಯಾದ ಹೆರಿಗೆಯ ಫಲವಾಗಿ, ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನೆಯ ಗುರಿಯನ್ನು ನಮ್ಮ ದೇಶ ಮುಟ್ಟಿದೆ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. ಬೀಜಾಣುಗಳೇನೋ ಮಣ್ಣಿನಲ್ಲಿ ಈಗಲೂ ಇವೆ. ಮೊಳೆ, ಕುಡುಗೋಲು ತಾಗಿದ ಗಾಯವನ್ನು ಆದುದರಿಂದ ಅಲಕ್ಷಿಸಬಾರದು.

ಇದರಿಂದ ನಮಗೆ ತಿಳಿಯುವುದಿಷ್ಟು: ಒಂದು ಸೂಕ್ಷ್ಮಜೀವಿ ಮಿತ್ರನೋ ಶತ್ರುವೋ ಎಂಬುದು ಎಷ್ಟೋ ವೇಳೆ ಅದು ಸೇರಿದ ಸ್ಥಳವನ್ನು ಅವಲಂಬಿಸಿದೆ. ಆ ಸ್ಥಳ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಹೊಲದಲ್ಲಿ ಕೂಲಿಯಿಲ್ಲದೆ ದುಡಿಯುವವರು

ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ ಅವರೆ, ತೊಗರಿ, ಅಲಸಂದೆ ಹಾಕುವುದನ್ನು ನಮ್ಮ ಹಿರಿಯರು ಅನುಭವದಿಂದ ಕಲಿತಿದ್ದರು. ಅವರೆ ಗಿಡವನ್ನು ಮೆಲ್ಲನೆ ಕಿತ್ತು ಬೇರನ್ನು ನೋಡಿ. ಸಣ್ಣ ಸಣ್ಣ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಬಣ್ಣ ಕಂಡರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದರ್ಥ. ಅಲ್ಲಿ ವಾಸಿಸುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ಗಿಡ ಅದಕ್ಕೆ ಪ್ರತಿಯಾಗಿ ಸಕ್ಕರೆ ಕೊಡುತ್ತದೆ. ಯೂರಿಯಾ ಕಾರ್ಖಾನೆ ಅಪಾರ ಶಾಖ ಮತ್ತು ಒತ್ತಡದಿಂದ ಮಾಡುವ ಕೆಲಸವನ್ನು ಈ ಗಂಟು ಸದ್ದಿಲ್ಲದೆ ಮಾಡುತ್ತದೆ. ರೈಜೋಬಿಯಂ ಪೊಟ್ಟಣ ತಂದವರು ತಣ್ಣಗಿನ ಗಂಜಿಯಲ್ಲಿ ಕಲಸಿ ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ, ತಡಮಾಡದೆ ಬಿತ್ತಬೇಕು. ಬಿಸಿಲಿಗಿಟ್ಟರೆ ಅಥವಾ ರಾಸಾಯನಿಕ ಶಿಲೀಂಧ್ರನಾಶಕದ ಜೊತೆ ಬೆರೆಸಿದರೆ ಒಳಗಿನ ಜೀವಿಗಳು ಸತ್ತು ಹಣ ದಂಡವಾಗುತ್ತದೆ.

ಟೊಮೆಟೊ, ಮೆಣಸಿನಕಾಯಿ ಸಸಿ ಮಡಿಗಳಲ್ಲಿ ಬುಡ ಕೊಳೆಯುವ ರೋಗಕ್ಕೆ ಟ್ರೈಕೋಡರ್ಮ ಎಂಬ ಒಳ್ಳೆಯ ಶಿಲೀಂಧ್ರವಿದೆ. ಇದು ಕೆಟ್ಟ ಶಿಲೀಂಧ್ರಗಳನ್ನು ಸುತ್ತಿಕೊಂಡು ತಿನ್ನುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ತೇವ ಆರದಂತೆ ನೆರಳಲ್ಲಿ ಕೆಲವು ದಿನ ಇಟ್ಟು ಮಣ್ಣಿಗೆ ಹಾಕಿದರೆ ಹೆಚ್ಚು ಫಲ.

ಹಸಿ ಜೋಳದ ಮೇವನ್ನು ಕತ್ತರಿಸಿ ಗುಂಡಿಯಲ್ಲಿ ತುಳಿದು, ಗಾಳಿ ಆಡದಂತೆ ಮುಚ್ಚಿದರೆ ರಸಮೇವು ಆಗುತ್ತದೆ. ಅಲ್ಲಿ ಕೆಲಸ ಮಾಡುವುದು ಮೊಸರಿನ ಬ್ಯಾಕ್ಟೀರಿಯಾದ ಬಂಧುಗಳೇ. ಗೋಬರ್ ಗ್ಯಾಸಿನಲ್ಲೂ ಹೀಗೆಯೇ: ಗಾಳಿಯಿಲ್ಲದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಸೆಗಣಿಯನ್ನು ಒಡೆದು ಮೀಥೇನ್ ಎಂಬ ಉರಿಯುವ ಅನಿಲ ಮಾಡುತ್ತವೆ. 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸೆಗಣಿ ಬೇಕು. ಒಲೆಯ ಹೊಗೆ ತಪ್ಪಿ ಹೆಂಗಸರ ಕಣ್ಣೂ ಶ್ವಾಸಕೋಶವೂ ಉಳಿಯುತ್ತವೆ. ಹೊರಬರುವ ಬಗ್ಗಡ ಹೊಲಕ್ಕೆ ಗೊಬ್ಬರವಾಗುತ್ತದೆ.

ಕಾರ್ಖಾನೆಯಲ್ಲಿ ದುಡಿಯುವವರು

ದ್ರಾಕ್ಷಿ ರಸವನ್ನು ದ್ರಾಕ್ಷಾರಸವಾಗಿಸುವ ಯೀಸ್ಟ್ ಮನುಷ್ಯನಿಗೆ ಅನಾದಿಯಿಂದ ಗೊತ್ತು. ಇಂದು ಸೂಕ್ಷ್ಮಜೀವಿಗಳನ್ನು ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ ಸಾಕುತ್ತಾರೆ. ನಾವು ಕೊಟ್ಟಿಗೆಯಲ್ಲಿ ಹಸುವಿಗೆ ಮೇವು, ನೀರು, ಗಾಳಿ ನೋಡಿಕೊಳ್ಳುವಂತೆ ಅಲ್ಲಿ ಸಕ್ಕರೆ ಪಾಕ, ಶಾಖ, ಗಾಳಿ ಎಲ್ಲವನ್ನೂ ಅಳೆದು ಕೊಡುತ್ತಾರೆ.

ನಮ್ಮ ಕೃಷ್ಣಗಿರಿ ಜಿಲ್ಲೆ ಮಾವಿಗೆ ಹೆಸರಾದದ್ದು. ಹಣ್ಣಿನ ಪಾನೀಯಗಳಿಗೆ ಹುಳಿಗಾಗಿ ಸೇರಿಸುವ ಸಿಟ್ರಿಕ್ ಆಮ್ಲ ಹಿಂದೆ ನಿಂಬೆ ಜಾತಿಯ ಹಣ್ಣುಗಳಿಂದ ಬರುತ್ತಿತ್ತು. 1917ರಲ್ಲಿ ಅಮೆರಿಕದ ಕರ್ರಿ ಎಂಬ ವಿಜ್ಞಾನಿ, ಆಸ್ಪರ್ಜಿಲ್ಲಸ್ ನೈಜರ್ ಎಂಬ ಕಪ್ಪು ಬೂಷ್ಟು ಸಕ್ಕರೆಯಿಂದ ಈ ಆಮ್ಲವನ್ನು ಧಾರಾಳವಾಗಿ ಮಾಡಬಲ್ಲದು ಎಂದು ತೋರಿಸಿದರು. ಈಗ ಲೋಕದ ಸಿಟ್ರಿಕ್ ಆಮ್ಲದ ಬಹುಪಾಲು ಹೀಗೆಯೇ ಬರುತ್ತದೆ. ಬಟ್ಟೆ ಒಗೆಯುವ ಪುಡಿಯಲ್ಲಿ ಕಲೆ ತೆಗೆಯುವ ಕಿಣ್ವಗಳೂ ಸೂಕ್ಷ್ಮಜೀವಿಗಳ ಕೊಡುಗೆಯೇ.

ಸಕ್ಕರೆ ಕಾಯಿಲೆಯವರಿಗೆ ಬೇಕಾದ ಇನ್ಸುಲಿನ್ ಹಿಂದೆ ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದದ್ದಾಗಿತ್ತು. ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಮಾನವ ಇನ್ಸುಲಿನ್ನಿನ ಜೀನನ್ನು ಸೇರಿಸಿ ತಯಾರಿಸಿದ ಮದ್ದು 1982ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. 1978ರಲ್ಲಿ ಕಿಣ್ವಗಳ ತಯಾರಿಕೆಯಿಂದ ಆರಂಭವಾದ ಬೆಂಗಳೂರಿನ ಬಯೋಕಾನ್ ಸಂಸ್ಥೆ, ಯೀಸ್ಟ್ ಜಾತಿಯ ಜೀವಿಯಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನು 2004ರಲ್ಲಿ ಮಾರುಕಟ್ಟೆಗೆ ತಂದಿತು.

ಎಲ್ಲಕ್ಕಿಂತ ದೊಡ್ಡ ಕೊಡುಗೆ ಆಂಟಿಬಯಾಟಿಕ್, ಅಂದರೆ ಜೀವಿರೋಧಕ ಮದ್ದು. 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ತಟ್ಟೆಯಲ್ಲಿ ಬಿದ್ದ ಒಂದು ಬೂಷ್ಟು ಸುತ್ತಲಿನ ಬ್ಯಾಕ್ಟೀರಿಯಾಗಳನ್ನು ಕೊಂದಿತ್ತು. ಅದರಿಂದ ಪೆನಿಸಿಲಿನ್ ಬಂತು. ಯುದ್ಧದ ಕಾಲದಲ್ಲಿ, 1943ರಲ್ಲಿ, ಅಮೆರಿಕದ ಪಿಯೋರಿಯಾ ಊರಿನಲ್ಲಿ ಬೂಷ್ಟು ಹಿಡಿದ ಒಂದು ಕರಬೂಜ ಹಣ್ಣಿನಿಂದ ಹೆಚ್ಚು ಇಳುವರಿಯ ತಳಿ ಸಿಕ್ಕಿತು. ಅದಕ್ಕೆ ಮೇವಾದದ್ದು ಮೆಕ್ಕೆಜೋಳ ನೆನೆಸಿದ ನೀರು. ಅದೇ 1943ರಲ್ಲಿ ಹೊಲದ ಮಣ್ಣಿನಲ್ಲಿರುವ ಜೀವಿಯಿಂದ ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ದೊರೆಯಿತು. ನಮ್ಮ ದೇಶದಲ್ಲಿ ಪುಣೆಯ ಬಳಿ ಪಿಂಪ್ರಿಯಲ್ಲಿ 1954ರಲ್ಲಿ ಸರ್ಕಾರಿ ಆಂಟಿಬಯಾಟಿಕ್ ಕಾರ್ಖಾನೆ ಸ್ಥಾಪನೆಯಾಯಿತು. ಪಾಶ್ಚರ್ ಅವರ ಇಬ್ಬರು ಹೆಣ್ಣುಮಕ್ಕಳನ್ನು ಕೊಂದ ಟೈಫಾಯಿಡ್ ಇಂದು ಮಾತ್ರೆಯಿಂದ ಗುಣವಾಗುವುದು ಈ ಕೊಡುಗೆಯಿಂದಲೇ.

ಹಾಲು ಹೆಪ್ಪುಗಟ್ಟದ ಗುಟ್ಟು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕೆಚ್ಚಲು ಬಾವಿಗೆ ಕೊಟ್ಟ ಆಂಟಿಬಯಾಟಿಕ್ ಕೆಲವು ದಿನ ಹಾಲಿನಲ್ಲೂ ಬರುತ್ತದೆ. ಅದು ರೋಗಾಣುವನ್ನು ಕೊಲ್ಲುವಂತೆಯೇ ಹೆಪ್ಪಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಆದುದರಿಂದ ಹಾಲು ಮೊಸರಾಗುವುದಿಲ್ಲ. ಕಾಯಿಸಿದರೂ ಈ ಮದ್ದು ಪೂರ್ತಿ ಹೋಗುವುದಿಲ್ಲ. ಆ ಹಾಲನ್ನು ಮಕ್ಕಳಿಗೆ ಕುಡಿಸಿದರೆ, ಡೇರಿಗೆ ಹಾಕಿದರೆ, ಯಾರೂ ಕೇಳದ ಮದ್ದನ್ನು ಎಲ್ಲರಿಗೂ ಹಂಚಿದಂತೆ.

ಇದರಿಂದ ಏನು ಕೇಡು? ಸ್ವಲ್ಪ ಸ್ವಲ್ಪ ಮದ್ದು ಸಿಗುತ್ತಿದ್ದರೆ ದುರ್ಬಲ ಬ್ಯಾಕ್ಟೀರಿಯಾಗಳು ಸತ್ತು, ಮದ್ದಿಗೆ ಬಗ್ಗದವು ಮಾತ್ರ ಉಳಿದು ವೃದ್ಧಿಯಾಗುತ್ತವೆ. ಒಂದೇ ಕೀಟನಾಶಕವನ್ನು ಹೊಡೆದು ಹೊಡೆದು ಹುಳು ಅದಕ್ಕೆ ಒಗ್ಗಿಹೋಗುವುದನ್ನು ನಾವು ಕೋಸಿನ ಹೊಲದಲ್ಲಿ ಕಂಡಿಲ್ಲವೇ? ಇದೂ ಹಾಗೆಯೇ. ಕಡಿಮೆ ಪ್ರಮಾಣದ ಮದ್ದಿನಿಂದ ಬಗ್ಗದ ರೋಗಾಣುಗಳು ಹುಟ್ಟುತ್ತವೆ ಎಂದು ಫ್ಲೆಮಿಂಗ್ ಅವರೇ 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಾಗ ಎಚ್ಚರಿಸಿದ್ದರು.

ನೆಗಡಿಗೆ ಅಂಗಡಿಯಲ್ಲಿ ಕೇಳಿ ಎರಡು ಮಾತ್ರೆ ನುಂಗುವುದು, ಜ್ವರ ಬಿಟ್ಟ ಕೂಡಲೇ ಉಳಿದ ಮಾತ್ರೆಗಳನ್ನು ಎತ್ತಿಡುವುದು, ಅದನ್ನೇ ಮುಂದಿನ ಸಲ ಮಗುವಿಗೆ ಕೊಡುವುದು, ಕೋಳಿ ಬೇಗ ಬೆಳೆಯಲೆಂದು ಮೇವಿನಲ್ಲಿ ಬೆರೆಸುವುದು, ಇವೆಲ್ಲ ಒಂದೇ ತಪ್ಪಿನ ಬೇರೆ ಬೇರೆ ರೂಪಗಳು. ನೆಗಡಿ ವೈರಸ್ಸಿನಿಂದ ಬರುವುದು. ಅದಕ್ಕೆ ಆಂಟಿಬಯಾಟಿಕ್ ನಾಟುವುದೇ ಇಲ್ಲ. ಈ ಕಾರಣದಿಂದಲೇ ಸರ್ಕಾರವು 2014ರ ಮಾರ್ಚ್‌ನಿಂದ ಅನೇಕ ಆಂಟಿಬಯಾಟಿಕ್‌ಗಳ ಮಾರಾಟಕ್ಕೆ ವೈದ್ಯರ ಚೀಟಿ ಮತ್ತು ಅಂಗಡಿಯಲ್ಲಿ ಪ್ರತ್ಯೇಕ ದಾಖಲೆ ಕಡ್ಡಾಯ ಮಾಡಿತು. ಬೇರೆಲ್ಲ ಮದ್ದು ಸೋತಾಗ ಮನುಷ್ಯನಿಗೆ ಕೊಡುವ ಕೊಲಿಸ್ಟಿನ್ ಎಂಬ ಮದ್ದನ್ನು ಕೋಳಿ ಮುಂತಾದ ಆಹಾರದ ಪ್ರಾಣಿಗಳಿಗೆ ಕೊಡುವುದನ್ನು 2019ರ ಜುಲೈಯಲ್ಲಿ ನಿಷೇಧಿಸಿತು. ಬೂಷ್ಟು, ಮಣ್ಣು ಕೊಟ್ಟ ಈ ವರವನ್ನು ಕೆಡಿಸಿಕೊಂಡರೆ, ಪಾಶ್ಚರ್ ಅವರ ಮನೆಯಲ್ಲಿ ನಡೆದದ್ದು ನಮ್ಮ ಮನೆಯಲ್ಲೂ ನಡೆದೀತು.

ನಾವು ಪಾಲಿಸಬೇಕಾದ ಕೆಲವು ನಿಯಮಗಳು

1. ಹಸುವಿಗೆ ಚುಚ್ಚುಮದ್ದು ಹಾಕಿಸಿದಾಗ, ಎಷ್ಟು ದಿನ ಹಾಲು ಬಳಸಬಾರದೆಂದು ಪಶುವೈದ್ಯರನ್ನು ಕೇಳಿ. ಅಷ್ಟು ದಿನ ಆ ಹಾಲನ್ನು ಮನೆಗೂ ಡೇರಿಗೂ ಕೊಡಬೇಡಿ.

2. ವೈದ್ಯರು ಬರೆದುಕೊಡದೆ ಆಂಟಿಬಯಾಟಿಕ್ ಬೇಡ. ಕೊಟ್ಟರೆ ಅವರು ಹೇಳಿದಷ್ಟು ದಿನ ತಪ್ಪದೆ ನುಂಗಿ. ಕ್ಷಯದ ಮದ್ದನ್ನಂತೂ ನಡುವೆ ನಿಲ್ಲಿಸಲೇಬಾರದು.

3. ಹಾಲನ್ನು ಕಾಯಿಸಿಯೇ ಕುಡಿಯಿರಿ. ಹಸಿ ಹಾಲಿನಿಂದ ಕ್ಷಯವೂ ಬ್ರುಸೆಲ್ಲಾ ಜ್ವರವೂ ಬರಬಹುದು. ಹಸು ಕಂದು ಹಾಕಿದರೆ ಬರಿಗೈಯಿಂದ ಮುಟ್ಟಬೇಡಿ. ಕಂದನ್ನೂ ಮಾಸನ್ನೂ ಸುಣ್ಣ ಹಾಕಿ ಆಳವಾಗಿ ಹೂಳಿರಿ.

4. ದನ, ಕುರಿ ಇದ್ದಕ್ಕಿದ್ದಂತೆ ಸತ್ತು ಮೂಗು, ಗುದದ್ವಾರದಿಂದ ಕಪ್ಪು ರಕ್ತ ಸೋರಿದರೆ ಅದು ನೆರಡಿಯಾಗಿರಬಹುದು. ಚರ್ಮ ಸುಲಿಯಬೇಡಿ, ಮಾಂಸ ಮುಟ್ಟಬೇಡಿ, ಪಶುವೈದ್ಯರಿಗೆ ತಿಳಿಸಿ.

5. ಮಗುವಿಗೆ ಭೇದಿಯಾದರೆ ಮೊದಲು ಓ.ಆರ್.ಎಸ್. ಕುಡಿಸಿ. ಪೊಟ್ಟಣ ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮಮಟ್ಟದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ. ಎದೆಹಾಲು ನಿಲ್ಲಿಸಬೇಡಿ. ಮಗು ಮಂಕಾದರೆ, ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

6. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಮೆಣಸಿನ ಪುಡಿ, ಸೊಪ್ಪಿನ ರಸ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಿ, ಎಲ್ಲ ಸರದಿಗಳನ್ನೂ ಮುಗಿಸಿ. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಬಹುತೇಕ ಅಸಾಧ್ಯ.

7. ಕೊಟ್ಟಿಗೆಯ, ಹೊಲದ ಕೆಲಸದ ನಂತರ, ಊಟಕ್ಕೆ ಮುಂಚೆ, ಶೌಚದ ನಂತರ ಸೋಪಿನಿಂದ ಕೈ ತೊಳೆಯಿರಿ. ಬಾವಿಯ ಹತ್ತಿರ ತಿಪ್ಪೆಯಾಗಲಿ ಶೌಚಗುಂಡಿಯಾಗಲಿ ಬೇಡ.

8. ಬಿ.ಟಿ. ಸಿಂಪಡಿಸುವ ಮುಂಚೆ ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದೆಯೇ ನೋಡಿ, ಅವರಿಗೆ ಒಂದು ಮಾತು ತಿಳಿಸಿ.

ರೇಷ್ಮೆ ಸಾಕುವ ನಮ್ಮ ಹೆಣ್ಣುಮಕ್ಕಳು ಕೈಕಾಲು ತೊಳೆಯದೆ ಹುಳುವಿನ ಮನೆಗೆ ಕಾಲಿಡುವುದಿಲ್ಲ. ಹಾಲುರೋಗ ಬಂದ ಹುಳುವನ್ನು ಕೂಡಲೇ ಆರಿಸಿ ತೆಗೆಯುತ್ತಾರೆ. ಬೆಳೆ ಮುಗಿದ ಮೇಲೆ ತಟ್ಟೆ, ಚಂದ್ರಿಕೆಗಳನ್ನೆಲ್ಲ ತೊಳೆದು ಬಿಸಿಲಿಗೆ ಹಾಕುತ್ತಾರೆ. ಹುಳುವಿಗೆ ತೋರುವ ಆ ಜಾಗ್ರತೆಯಲ್ಲಿ ಅರ್ಧದಷ್ಟನ್ನಾದರೂ ನಮ್ಮ ಅಡಿಗೆಮನೆಗೆ, ಕುಡಿಯುವ ನೀರಿಗೆ, ಕೂಸುಗಳಿಗೆ ತೋರಿಸೋಣ. ಹಾಗೆಯೇ ನಾಳೆ ಬೆಳಗ್ಗೆ ಮೊಸರಿನ ಗಡಿಗೆಯ ಮುಚ್ಚಳ ತೆಗೆಯುವಾಗ, ರಾತ್ರಿಯಿಡೀ ನಮಗಾಗಿ ದುಡಿದ ಕಾಣದ ಕೋಟಿ ಜೀವಿಗಳನ್ನೂ ಒಮ್ಮೆ ನೆನೆಯೋಣ.